ಎತ್ತಿದ ಕೈ

ಸಮಸ್ತ ಮಹಾಜನರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ, ಅಣ್ಣತಮ್ಮಂದಿರ ಫೋಟೋ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ, ಸ್ಕ್ಯಾನರಿನ ಗಾಜಿನ ಮೇಲೆ ಒಂದು ಕೂದಲು ಪತ್ತೆಯಾಗಿದೆ. ಉದ್ದ ಎರಡು ಅಂಗುಲ. ಬಣ್ಣ ಕಪ್ಪು. ಸ್ವಭಾವ ಗುಂಗುರು. ವಾರಸುದಾರರು ಯಾರೂ ಮುಂದೆ ಬಂದಿರುವುದಿಲ್ಲ.

ಬಂದಿದ್ರೆ ಹಲ್ಲು ಉದುರೋದು ಖಾತ್ರಿ ಇತ್ತು.

"ಯಾರದ್ದೋ ಇದು?" ಅಂದ ಅಣ್ಣ. ಕೂದಲನ್ನ ಚಿಮಟದಲ್ಲಿ ಹಿಡಿದು, ಹಾವು ಹಿಡಿದವನ ಹಾಗೆ ಕೈ ದೂರ ಚಾಚಿ ನಿಂತಿದ್ದ.

"ನಿಂದಂತೂ ಅಲ್ಲ ಬಿಡು" ಅಂದ ತಮ್ಮ.

ಅಣ್ಣನ ತಲೆ ಹದಿನೈದು ವರ್ಷದಿಂದ ಖಾಲಿ ಸೈಟು. ತಮ್ಮನದು ಪೊದೆ. ತನಿಖೆ ಅಲ್ಲಿಗೇ ಮುಗೀತು, ಶಿಕ್ಷೆಯೊಂದು ಬಾಕಿ ಇತ್ತು.

ಒಂದು ಕೂದಲಿಗೆ ಇಷ್ಟು ರಾದ್ಧಾಂತ ಯಾಕೆ ಅಂದ್ರೆ, ಆ ಗಾಜಿನ ಮೇಲಿದ್ದ ಫಿಲಂ ಅಂಥದ್ದು.

ಮೂವತ್ತೊಂದು ವರ್ಷದ ಹಿಂದೆ ಊರಿನ ಫುಟ್‌ಬಾಲ್ ಮೈದಾನದಲ್ಲಿ ಫೈನಲ್ ಮುಗಿಯೋದಕ್ಕೂ ಮೊದಲೇ ಹೊಡೆದಾಟ ಶುರುವಾಗಿತ್ತು. ಗೋಲು ಹೌದೋ ಅಲ್ಲವೋ ಅನ್ನೋದು ಬರೀ ನೆಪ. ಎರಡೂ ಕಡೆ ಜನ ಬೇಲಿ ಮುರಿದು ಒಳಗೆ ನುಗ್ಗಿ, ಕೈಗೆ ಸಿಕ್ಕಿದ್ದರಲ್ಲಿ ಕೈಗೆ ಸಿಕ್ಕವರನ್ನ ಚಚ್ಚಿದ್ರು. ಇವರಪ್ಪ ಪೇಪರಿಗೆ ಫೋಟೋ ತೆಗೀತಾ ಇದ್ರು. ಯಾವನೋ ಒಬ್ಬ ಮೂಲೆ ಬಾವುಟದ ಕಂಬ ಕಿತ್ತು, ಬೀಸಿ, ಕ್ಯಾಮೆರಾ ಮೇಲೇ ಹೊಡೆದ. ಕ್ಯಾಮೆರಾ ಮುಖದೊಳಕ್ಕೆ ಇಳೀತು. ಅಪ್ಪನ ಬಲಗಣ್ಣು ಆ ಹುಲ್ಲಿನ ಮೇಲೇ ಹೋಯ್ತು. ಬಿದ್ದವರ ಮೇಲೆ ಇನ್ನೂ ನಾಲ್ಕು ಜನ ತುಳಿದುಕೊಂಡು ಓಡಿದ್ರು, ಎರಡು ಪಕ್ಕೆಲುಬು ಅವರ ಲೆಕ್ಕಕ್ಕೆ.

"ಯಾರಪ್ಪಾ ಹೊಡೆದಿದ್ದು?" ಅಂತ ಎಷ್ಟು ಸಲ ಕೇಳಿದ್ರೂ ಅಪ್ಪನ ಉತ್ತರ ಒಂದೇ. "ಕಾಣಲಿಲ್ಲ ಮಗಾ. ನಾನು ಫೋಕಸ್ ಮಾಡ್ತಿದ್ದೆ."

ಒಡೆದ ಕ್ಯಾಮೆರಾ ಫಿಲಂ ಸಮೇತ ಟ್ರಂಕು ಸೇರಿತು. ತೆಗೆದು ತೊಳೆಯೋಣ ಅಂದ್ರೆ ಅಪ್ಪ ಬಿಡ್ತಿರಲಿಲ್ಲ. "ತೊಳೆದ್ರೆ ಆ ಬೋಳಿಮಗನ್ನ ನೋಡಬೇಕಾಗತ್ತೆ. ಉಳಿದಿರೋದು ಒಂದೇ ಕಣ್ಣು, ಅದನ್ನ ಅವನಿಗೆ ಯಾಕೆ ಖರ್ಚು ಮಾಡ್ಲಿ?" ಅಂತಿದ್ರು.

ಆಗ ಅಣ್ಣನಿಗೆ ಹನ್ನೊಂದು ವರ್ಷ. ಅಪ್ಪ ಮಲಗೋ ಮುಂಚೆ ಗಾಜಿನ ಕಣ್ಣು ತೆಗೆದು ಲೋಟದ ನೀರಲ್ಲಿ ಹಾಕಿದಾಗ, ಅದು ತಳದಲ್ಲಿ ಉರುಳಿ ಉರುಳಿ ಕೊನೆಗೆ ಇವನ ಕಡೆಗೇ ನೋಡ್ತಾ ನಿಲ್ತಿತ್ತು. ಹಾಗೆ ನೋಡಿಸಿಕೊಂಡು ಬೆಳೆದ ಹುಡುಗ ದೊಡ್ಡವನಾಗಿ ಫೋಟೋಗ್ರಾಫರ್ ಆದ. ಊರವರು ಇಟ್ಟ ಹೆಸರು ಶಾರ್ಪಣ್ಣ. "ನಮ್ಮ ಮಗು ಮುದ್ದಾಗಿ ಬಂದಿದೆಯಾ?" ಅಂತ ತಾಯಿ ಕೇಳಿದ್ರೆ, "ರೆಪ್ಪೆಗೂದಲು ಶಾರ್ಪಾಗಿದೆ" ಅಂತಿದ್ದ. ಒಂದು ಸಲ ಹೆಣದ ಫೋಟೋ ತೆಗೆಯೋಕೆ ಹೋಗಿ, "ಇವರೊಬ್ಬರೇ ನೋಡಿ ಅಲ್ಲಾಡದೆ ಕೂತಿದ್ದು" ಅಂತ ಹೊಗಳಿ, ಸತ್ತವರ ಅಳಿಯನ ಕೈಲಿ ಕಪಾಳಕ್ಕೆ ತಿಂದಿದ್ದ.

ಹೋದ ವರ್ಷ ಅಪ್ಪ ತೀರಿಕೊಂಡ್ರು. ಮಾರನೇ ವಾರವೇ ಶಾರ್ಪಣ್ಣ ಟ್ರಂಕು ತೆಗೆದು, ಕತ್ತಲೆ ಕೋಣೆ ಸೇರಿ, ಇಕ್ಕಳದಲ್ಲಿ ಕ್ಯಾಮೆರಾದ ಹೊಟ್ಟೆ ಬಗೆದು ಫಿಲಂ ತೆಗೆದು ತೊಳೆದ. ಆವತ್ತಿನ ಏಟಿಗೆ ಕ್ಯಾಮೆರಾದ ಹಿಂಬಾಗಿಲು ಬಿರುಕು ಬಿಟ್ಟಿತ್ತಲ್ಲ, ಅಲ್ಲಿಂದ ಬೆಳಕು ನುಗ್ಗಿ ಮುಕ್ಕಾಲು ಫಿಲಂ ಸುಟ್ಟು ಹೋಗಿತ್ತು. ಕೊನೇ ಫ್ರೇಮಿನಲ್ಲಿ ಮಾತ್ರ ಅರ್ಧ ಜೀವ ಇತ್ತು. ದೀಪಕ್ಕೆ ಹಿಡಿದ್ರೆ ಮಸಿ ಬಳಿದ ಹಾಗಿದ್ರೂ, ಆ ಮಸಿಯೊಳಗೆ ಒಂದು ಕಂಬ, ಕಂಬ ಎತ್ತಿದ ಒಂದು ತೋಳು.

ಶಾರ್ಪಣ್ಣ ಅಪ್ಪನ ಫೋಟೋ ಮುಂದೆ ನಿಂತು ಹೇಳಿದ್ದು ಒಂದೇ ಮಾತು. "ಈ ಕಂಬ ಎತ್ತಿದ ಕೈ ಯಾವುದೋ, ಆ ಕೈನ ಮುರೀತೀನಿ."

ಸರಿ, ಸಾಧಾರಣ ಮನುಷ್ಯ ಆಗಿದ್ರೆ ಹೇಗೋ ಒಂದು ಪ್ರಿಂಟು ಹಾಕಿ, ಕೈ ಹುಡುಕಿ, ಮುರಿದು, ಜೈಲಿಗೆ ಹೋಗಿ ಅರಾಮಾಗಿ ಇರ್ತಿದ್ದ. ಶಾರ್ಪಣ್ಣನಿಗೆ ಸೇಡೂ ಶಾರ್ಪಾಗಿ ಬರಬೇಕು. ಆ ಚಿತ್ರ ಮೂರಡಿ ಅಗಲಕ್ಕೆ ಹಿಗ್ಗಬೇಕು, ಅಪರಾಧಿ ಅದರ ಮುಂದೆ ನಿಂತು ತನ್ನ ಅಂಗಿ ನೂಲು ತಾನೇ ಗುರುತು ಹಿಡಿಯಬೇಕು, ಆಮೇಲೆ ಮೂಳೆ ಮುರಿಯಬೇಕು.

"ಎರಡಡಿ ಸಾಲಲ್ವಾ?" ಅಂದಿದ್ದ ತಮ್ಮ.

"ಎರಡಡಿಗೆ ಯಾವನೋ ಹೆದರ್ತಾನೆ?"

ಹೀಗೆ ಯಾವ ಯಂತ್ರದಲ್ಲಿ ಸ್ಕ್ಯಾನ್ ಮಾಡೋದು ಅನ್ನೋ ಯುದ್ಧ ಹನ್ನೊಂದು ತಿಂಗಳು ನಡೀತು. ತಮ್ಮ ಫ್ಲ್ಯಾಟ್‌ಬೆಡ್ ಸ್ಕ್ಯಾನರ್ ಪಕ್ಷ. "ಅದು ಮಾರ್ಕ್ಸ್ ಕಾರ್ಡು ಮಲಗಿಸೋ ಮಂಚ ಕಣೋ, ಅದರ ಮೇಲೆ ಅಪ್ಪನ ಕಣ್ಣು ಮಲಗಿಸ್ತೀಯಾ?" ಅಂತ ಅಣ್ಣ. ಅಣ್ಣನ ಕಡೆಯಿಂದ, ಬಾಗಿಲು ಹಾಕಿದ ಯಾವುದೋ ಪತ್ರಿಕೆ ಆಫೀಸಿನ ಹಳೇ ಫಿಲಂ ಸ್ಕ್ಯಾನರ್ ಬಂತು. ಪ್ರಯೋಗಕ್ಕೆ ಅಂತ ಅದೇ ರೋಲಿನ ಸುಟ್ಟ ತುಂಡೊಂದನ್ನ ಕೊಟ್ರೆ, ಅಗಿದು, ನಮಲಿ, ನುಂಗಿಬಿಡ್ತು. ಶಾರ್ಪಣ್ಣ ಅದನ್ನ ಎತ್ತಿಕೊಂಡು ಮಹಡಿ ಹತ್ತಿ, ಕಿಟಕಿಯಿಂದ ಹಿತ್ತಲಿಗೆ ಎಸೆದ. ಕೆಳಗಿಳಿದು ಹೋಗಿ, ಇನ್ನೂ ಏನಾದ್ರೂ ಉಸಿರು ಉಳಿದಿರಬಹುದು ಅಂತ ಸುತ್ತಿಗೆಯಲ್ಲಿ ಒಂಬತ್ತು ಏಟು ಹಾಕಿದ.

ಹಾಗಾಗಿ ಕೊನೆಗೆ ತಮ್ಮನ ಫ್ಲ್ಯಾಟ್‌ಬೆಡ್ಡೇ ಗತಿ ಆಯ್ತು. ನಲವತ್ತು ನಿಮಿಷ ಕೊರ್ ಕೊರ್ ಅಂತ ಓಡಿ ಬಂದ ಮೊದಲ ಸ್ಕ್ಯಾನು ನೋಡಿದ್ರೆ, ಎತ್ತಿದ ತೋಳಿನ ಮೇಲೆ ಸರಿಯಾಗಿ ಅಡ್ಡಡ್ಡ ಮಲಗಿತ್ತು ಈ ಗುಂಗುರು ಕೂದಲು.

"ಒಂದು ಟೋಪಿ ಹಾಕ್ಕೋ ಅಂತ ಎಷ್ಟು ಸಲ ಬಡ್ಕೊಂಡೆ ನಿಂಗೆ!"

"ನಿನಗೆ ಹೊಟ್ಟೆಕಿಚ್ಚು ಅಣ್ಣಾ. ಕೂದಲು ಇರೋರನ್ನ ಕಂಡ್ರೇ ಆಗಲ್ಲ ನಿಂಗೆ."

ಮೊದಲ ಗುದ್ದು ತಮ್ಮನ ಮೂಗಿಗೆ ಬಿತ್ತು. ಮೂಗಿಂದ ರಕ್ತ ಬಂದ ಕೂಡ್ಲೇ ತಮ್ಮ ಲೈಟ್ ಸ್ಟ್ಯಾಂಡ್ ಕಿತ್ತು ಅಣ್ಣನ ಮೊಣಕಾಲಿಗೆ ಬೀಸಿದ. ಅಣ್ಣ ಕುಸಿದು ಬೀಳುವಾಗ ಹಿಂದಿನ ನೀಲಿ ಪರದೆ ಹಿಡ್ಕೊಂಡ, ಪರದೆ ಸಮೇತ ಅದರ ಕಬ್ಬಿಣದ ಪೈಪು ಇಬ್ಬರ ಮೇಲೂ ಬಿತ್ತು. ಪರದೆಯೊಳಗೆ ಇಬ್ಬರೂ ಸುತ್ತಿಕೊಂಡು, ಯಾರ ಕಾಲು ಯಾವುದು ಗೊತ್ತಾಗದೆ ಗುದ್ದಾಡಿದ್ರು. ತಮ್ಮ ಸಿಕ್ಕಿದ ಮಾಂಸ ಕಚ್ಚಿದ, ಅದು ಅವನದ್ದೇ ಮುಂಗೈ. ಅದರ ಸಿಟ್ಟಿಗೆ ಇನ್ನೊಂದು ಕಡೆ ಕಚ್ಚಿದ, ಈ ಸಲ ಅಣ್ಣನ ಕಿವಿ ಸಿಕ್ತು.

ಮೇಲಿನ ಮನೆಯಿಂದ ಅಮ್ಮ ಇಳಿದು ಬಂದ್ರು. ಎಪ್ಪತ್ತರ ಹತ್ತಿರದ ಹೆಂಗಸು. ಪರದೆ ಸರಿಸಿ, ಎರಡು ತಲೆ ಹುಡುಕಿ, ಒಂದನ್ನ ಕೂದಲಿಂದ, ಇನ್ನೊಂದನ್ನ ಕಿವಿಯಿಂದ ಹಿಡಿದು ಒಂದಕ್ಕೊಂದು ಕುಟ್ಟಿದ್ರು. ಟಣ್ ಅಂತು.

"ಸತ್ತವರ ಕಣ್ಣಿಗೋಸ್ಕರ ಬದುಕಿರೋರ ಮೂಗು ಒಡ್ಕೋತೀರಾ? ಮುಂಡೇಗಂಡ್ರಾ!"

ಅವತ್ತಿಂದ ಅಣ್ಣತಮ್ಮ ಮಾತು ಬಿಟ್ರು. ಒಂದೇ ಅಂಗಡಿ, ಒಂದೇ ಬಾಗಿಲು, ಒಂದೇ ಟೀ ಫ್ಲಾಸ್ಕು. ಮಾತೆಲ್ಲ ಚೀಟಿಯಲ್ಲಿ. "ಗಿರಾಕಿ ಬಂದಿದ್ದಾರೆ." "ಕಂಡಿದೆ." "ಬಾತ್‌ರೂಮಿಂದ ಬೇಗ ಬಾ." ಹೀಗೆ.

ಮೂರನೇ ವಾರಕ್ಕೆ ಶಾರ್ಪಣ್ಣ ತನ್ನ ದಾರಿ ತಾನೇ ನೋಡ್ಕೊಂಡ. ಸ್ಕ್ಯಾನರೇ ಬೇಡ, ಕ್ಯಾಮೆರಾದಲ್ಲೇ ಫಿಲಂನ ಫೋಟೋ ತೆಗೆಯೋದು ಅಂತ ತೀರ್ಮಾನ. ತೀರಾ ಹತ್ತಿರದ್ದನ್ನ ತೆಗೆಯೋ ಮ್ಯಾಕ್ರೋ ಲೆನ್ಸ್ ಹಾಕಿ, ಕ್ಯಾಮೆರಾನ ಕಬ್ಬಿಣದ ಕಂಬಕ್ಕೆ ಬಿಗಿದು, ನೆಲ ನೋಡೋ ಹಾಗೆ ತಲೆಕೆಳಗೆ ಮಾಡಿದ. ಕೆಳಗೆ ಬಿಳೀ ಬೆಳಕಿನ ಹಲಗೆ, ಅದರ ಮೇಲೆ ಫಿಲಂ. ಫಿಲಂಗೆ ಎರಡು ಮೈ. ಒಂದು ಹೊಳಪಿನ ಪ್ಲಾಸ್ಟಿಕ್ ಬೆನ್ನು, ಇನ್ನೊಂದು ಚಿತ್ರ ಮೂಡೋ ಮಂಕು ಮೈ. ಬೆನ್ನಿನ ಕಡೆಯಿಂದ ತೆಗೆದ್ರೆ ಪ್ಲಾಸ್ಟಿಕ್ ದಾಟಿ ನೋಡಬೇಕು, ಅಷ್ಟರಮಟ್ಟಿಗೆ ಚೂಪು ಕಮ್ಮಿ. ಶಾರ್ಪಣ್ಣ ಕಮ್ಮಿಗೆ ಒಪ್ಪೋ ಆಸಾಮಿಯಾ? ಮಂಕು ಮೈಯನ್ನೇ ಲೆನ್ಸಿಗೆ ಎದುರಾಗಿಟ್ಟ. ಫ್ರೇಮಿನ ಅಂಚಿನ ನಂಬರು, ತೂತು, ಏನೂ ಬೀಳದ ಹಾಗೆ ಬರೀ ಆ ತೋಳು, ಅಂಗಿ, ಕಂಬ ತುಂಬ್ಕೊಳ್ಳೋ ಹಾಗೆ ಹತ್ತಿರ ಹೋದ. ಉಸಿರು ಹಿಡಿದು, ಹತ್ತು ಸೆಕೆಂಡು ತಡೆದು ಬೀಳೋ ಟೈಮರ್ ಹಾಕಿ, ಕೋಣೆಯಿಂದ ಹೊರಗೆ ಹೋಗಿ ನಿಂತ. ತನ್ನ ಎದೆಬಡಿತಕ್ಕೂ ಚಿತ್ರ ಅಲುಗಬಾರದು ಅಂತ.

ಮೆಮೊರಿ ಕಾರ್ಡನ್ನ ತಮ್ಮನ ಮೇಜಿನ ಮೇಲೆ ಕುಕ್ಕಿ, ಜೊತೆಗೆ ಚೀಟಿ ಇಟ್ಟ. "ಉಳಿದಿದ್ದು ನೀನು ಮಾಡು."

ತಮ್ಮ ಮಾಡಿದ. ಕಂಪ್ಯೂಟರಿನಲ್ಲಿ ಕಪ್ಪನ್ನ ಬಿಳಿ ಮಾಡಿ, ಬಿಳಿಯನ್ನ ಕಪ್ಪು ಮಾಡಿ, ಮಂಜು ಸರಿಸಿ, ಮೂರಡಿಗೆ ಪ್ರಿಂಟ್ ತೆಗೆದು ನೆಲದ ಮೇಲೆ ಹಾಸಿದ. ಅವನೇ ಎರಡು ಹೆಜ್ಜೆ ಹಿಂದೆ ಸರಿದ.

ಶಾರ್ಪಣ್ಣ ಮಂಡಿಯೂರಿ ನೋಡಿದ. ಮುಖ ಇರಬೇಕಾದ ಕಡೆ ಬೆಳಕು ನುಗ್ಗಿ ಬರೀ ಬಿಳಿ. ಕುತ್ತಿಗೆಯಿಂದ ಕೆಳಗೆ ಮಾತ್ರ ಲೋಕದಲ್ಲಿ ಇಲ್ಲದ ಚೂಪು! ಚೌಕಳಿ ಅಂಗಿಯ ದಾರ ಎಣಿಸಬಹುದು. ಜೇಬಿನ ಹೊಲಿಗೆ ಎಣಿಸಬಹುದು. ಮುಂಗೈ ಮೇಲೆ ಉಬ್ಬಿದ ನರ, ಕಂಬದ ತುದಿಯ ಮಣ್ಣು. ಅಪ್ಪನ ಕಡೆಗೇ ಬರ್ತಿರೋ ಕಂಬ. ಅದನ್ನ ಎತ್ತಿದ ಕೈ...

"ಎಡಗೈ" ಅಂದ ಶಾರ್ಪಣ್ಣ.

ಮೂರು ವಾರದ ಮೇಲೆ ತಮ್ಮ ಬಾಯಿ ಬಿಟ್ಟ. "ಅಣ್ಣಾ... ಮಾವ?"

ಊರಲ್ಲಿ ಎಡಚರು ಬೇಕಾದಷ್ಟು ಜನ ಇರಬಹುದು. ಆವತ್ತು ಮೈದಾನದಲ್ಲಿ, ಅಪ್ಪನಿಂದ ಹತ್ತು ಮಾರು ದೂರದಲ್ಲಿ ಇದ್ದ ಎಡಚ ಒಬ್ಬನೇ. ಅಮ್ಮನ ತಮ್ಮ, ಇವರಿಬ್ಬರ ಸೋದರಮಾವ. ಒಂದು ಕಾಲಕ್ಕೆ ಅಪ್ಪನ ಪಾಲುದಾರ, ಆಮೇಲೆ ಶಾರ್ಪಣ್ಣನಿಗೆ ಲ್ಯಾಬಿನ ಕೆಲಸ ಕಲಿಸಿದ ಗುರು. ಕ್ಯಾಮೆರಾದ ಗುಂಡಿ ಬಲಗಡೆಗೆ ಇರತ್ತಲ್ಲ, ಮಾವ ಕ್ಯಾಮೆರಾನ ತಲೆಕೆಳಗು ಮಾಡಿ ಎಡಗೈಲಿ ಒತ್ತುತ್ತಿದ್ದ. ಪಂದ್ಯಕ್ಕೆ ಒಂದು ತಿಂಗಳು ಮುಂಚೆ, ಚಿತ್ರ ಹಿಗ್ಗಿಸೋ ಎನ್‌ಲಾರ್ಜರಿಗೆ ಯಾವ ಲೆನ್ಸ್ ತಗೋಬೇಕು ಅಂತ ಜಗಳ ಆಗಿ, ಮಾವ ಅಪ್ಪನ ಅಂಗಿ ಹರಿದು, ಎರಡು ಬೀದಿ ಆಚೆ ಬೇರೆ ಲ್ಯಾಬ್ ತೆಗೆದಿದ್ದ. ಆವತ್ತು ಅವನೂ ಫೋಟೋ ತೆಗೆಯೋಕೆ ಬಂದಿದ್ದ. ರಕ್ತ ಸುರಿಯೋ ಅಪ್ಪನ್ನ ಆಸ್ಪತ್ರೆಗೆ ಹೊತ್ಕೊಂಡು ಹೋದವನೂ ಅವನೇ.

"ಅದಕ್ಕೇ ಹೊತ್ಕೊಂಡು ಹೋಗಿದ್ದು, ಕಳ್ಳ" ಅಂದ ಶಾರ್ಪಣ್ಣ. "ಮನಸ್ಸು ಚುಚ್ಚಿತ್ತು ಅವನಿಗೆ."

"ಅಣ್ಣಾ, ಅಮ್ಮನಿಗೆ ಒಂದು ಮಾತು..."

"ನೀನು ಅಮ್ಮನ ಹತ್ರ ಹೋಗು. ನಾನು ಅಮ್ಮನ ತಮ್ಮನ ಹತ್ರ ಹೋಗ್ತೀನಿ."

ಇನ್ನು ಆಯುಧದ ಆಯ್ಕೆ. ಅದರಲ್ಲೂ ಶಾರ್ಪಣ್ಣ ಹತ್ತು ನಿಮಿಷ ತಗೊಂಡ. ಹೊಸ ಟ್ರೈಪಾಡ್ ಕಾರ್ಬನ್ ಫೈಬರಿನದ್ದು. ಹಗುರ, ಹೊರೋಕೆ ಸುಖ, ಹೊಡೆಯೋಕೆ ಸುಖ ಇಲ್ಲ. ಅಲ್ಯೂಮಿನಿಯಂದು ಒಂದೇಟಿಗೆ ಬಾಗತ್ತೆ. ಕೊನೆಗೆ ಅಪ್ಪನ ಕಾಲದ ಉಕ್ಕಿನ ಟ್ರೈಪಾಡು ಹೆಗಲಿಗೇರಿಸಿ, ಪ್ರಿಂಟು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಕೊಂಡು, ಮಟಮಟ ಮಧ್ಯಾಹ್ನ ಬೀದಿಗಿಳಿದ. ಎದುರು ಸಿಕ್ಕವರೆಲ್ಲ "ಎಲ್ಲಿಗೆ ಶಾರ್ಪಣ್ಣ, ಮದುವೆ ಆರ್ಡರಾ?" ಅಂತ ಕೇಳಿದ್ರು.

ಮಾವ ಲ್ಯಾಬಿನಲ್ಲಿ ಒಬ್ಬನೇ ಕೂತು ಪಾಸ್‌ಪೋರ್ಟ್ ಫೋಟೋ ಕತ್ತರಿಸ್ತಿದ್ದ. ಅರವತ್ತಾರು ವರ್ಷ, ಕತ್ತರಿ ಎಡಗೈಲಿ.

"ಬಾರೋ. ಊಟ ಆಯ್ತಾ?"

ಶಾರ್ಪಣ್ಣ ಬಾಗಿಲಿಗೆ ಒಳಗಿಂದ ಚಿಲಕ ಹಾಕಿದ. ಪ್ರಿಂಟನ್ನ ಗೋಡೆಗೆ ಹಚ್ಚಿ ನಾಲ್ಕು ಮೂಲೆಗೂ ಟೇಪು ಹೊಡೆದ. ಸೊಟ್ಟ ಆಗದ ಹಾಗೆ ಒಂದು ಸಲ ಹಿಂದೆ ಬಂದು ನೋಡಿ ಸರಿ ಮಾಡಿದ.

ಮಾವ ಕನ್ನಡಕ ಏರಿಸಿ ನೋಡಿದ. "ಮೈದಾನದ್ದಾ? ಭಾವನ ಕ್ಯಾಮೆರಾದ್ದಾ? ಅಬ್ಬಬ್ಬಾ... ಚೂಪು ಚೆನ್ನಾಗಿದೆ. ಕಾಂಟ್ರಾಸ್ಟು ಸ್ವಲ್ಪ ಜಾಸ್ತಿ ಎಳೆದಿದ್ದೀಯ."

"ಈ ಕೈ ಯಾರದ್ದು?"

"ನಂಗೇನೋ ಗೊತ್ತು?"

"ಯಾರದ್ದು ಅಂತ ನೀನೇ ಹೇಳು." ಹುಟ್ಟಿದಾಗಿಂದ ಮಾವನಿಗೆ 'ನೀವು' ಅಂತಿದ್ದ ಬಾಯಿ ಮೊದಲ ಸಲ 'ನೀನು' ಅಂತು. ಮಾವನಿಗೆ ಅಷ್ಟರಲ್ಲೇ ಎಲ್ಲ ಅರ್ಥ ಆಯ್ತು. ಎದ್ದು ನಿಂತ.

"ಲೇ, ತಲೆ ಕೆಟ್ಟಿದೆಯಾ ನಿಂಗೆ..."

ಟ್ರೈಪಾಡು ಬೀಸಿ ಬಂತು. ಮೊದಲ ಏಟಿಗೆ ಮೇಜಿನ ಗಾಜು ಪುಡಿ. ಪಾಸ್‌ಪೋರ್ಟ್ ಮುಖಗಳು ಕೋಣೆ ತುಂಬ ಹಾರಿದ್ವು. ಎರಡನೇದು ಮಾವನ ಭುಜಕ್ಕೆ. ಮುದುಕ ಆದ್ರೂ ಜಟ್ಟಿ ಮೈ, ಕೆಳಗೆ ಬೀಳದೆ ಮುಂದಕ್ಕೆ ನುಗ್ಗಿ ತಲೆಯಲ್ಲೇ ಗುಮ್ಮಿದ. ಶಾರ್ಪಣ್ಣನ ಮುಂದಿನ ಹಲ್ಲು ಕಟ್ ಅಂತ ಮುರಿದು ನಾಲಿಗೆ ಮೇಲೆ ಬಿತ್ತು. ಹಲ್ಲನ್ನೇ ಮಾವನ ಮುಖಕ್ಕೆ ಉಗಿದ. ಮಾವ ಪ್ರಿಂಟು ತೊಳೆಯೋ ತಟ್ಟೆ ಎತ್ತಿ ಕಿವಿ ಮೇಲೆ ಬಾರಿಸಿದ. ತಮ್ಮ ಕಚ್ಚಿದ್ದ ಕಿವಿಯೇ ಅದು, ಹಳೇ ಗಾಯ ಬಾಯಿಬಿಟ್ಟು ಕುತ್ತಿಗೆ ತನಕ ರಕ್ತ ಇಳೀತು. ಇಬ್ಬರೂ ಗಾಜಿನ ಚೂರಿನ ಮೇಲೇ ಉರುಳಿದ್ರು. ಮೊಣಕೈ, ಮಂಡಿ, ಉಗುರು. "ಕಣ್ಣು ತಗೊಂಡ್ಯಲ್ಲೋ, ಅಕ್ಕನ ಗಂಡನ ಕಣ್ಣು ತಗೊಂಡ್ಯಲ್ಲೋ!" ಅಂತ ಶಾರ್ಪಣ್ಣ ಕೂಗ್ತಾನೇ ಇದ್ದ. ಹನ್ನೊಂದು ವರ್ಷದ ಹುಡುಗನ ಗಂಟಲು ಅದು.

ಕೊನೆಗೆ ಮಾವನ ಎದೆ ಮೇಲೆ ಮಂಡಿ ಊರಿ, ಎಡಗೈನ ಮೇಜಿನ ಕಾಲಿಗೆ ಒತ್ತಿ ಹಿಡಿದ. ಟ್ರೈಪಾಡು ಎತ್ತಿದ. ಇಳಿಸಿದ.

ಮುಂಗೈ ಮುರಿದ ಸದ್ದು ಇಷ್ಟೇ, ಒಣಗಿದ ಫ್ರೇಮಿನ ಕಟ್ಟು ಮುರಿದ ಹಾಗೆ. ಕೈ ಇರಬಾರದ ದಿಕ್ಕಿಗೆ ತಿರುಗಿ ನಿಂತಿತು. ಮಾವನ ಬಾಯಿಂದ ಬಂದಿದ್ದು ಕೂಗಲ್ಲ, ಗಾಳಿ.

ಹೊರಗೆ ಬಾಗಿಲು ಬಡೀತಿತ್ತು. "ಅಣ್ಣಾ! ತೆಗಿಯೋ ಅಣ್ಣಾ!" ತಮ್ಮ ಒದ್ದು ಒದ್ದು ಚಿಲಕ ಮುರಿದು ಒಳಗೆ ಬಿದ್ದ. ಅಮ್ಮ ಇನ್ನೂ ಬೀದಿ ತುದಿಯಲ್ಲಿ ಏದುಸಿರು ಬಿಡ್ತಾ ಬರ್ತಿದ್ರು. ಕೋಣೆ ನೋಡಿ ತಮ್ಮ ಬಾಗಿಲಲ್ಲೇ ಕೂತ.

ಮಾವ ನೆಲದ ಮೇಲೆ ಅಂಗಾತ ಮಲಗಿ, ಮುರಿದ ಕೈನ ಇನ್ನೊಂದು ಕೈಲಿ ಎದೆಗವಚಿ ಹಿಡಿದು, ಗೋಡೆ ಮೇಲಿನ ಪ್ರಿಂಟನ್ನೇ ನೋಡ್ತಿದ್ದ. ಹಣೆಯಲ್ಲಿ ಬೆವರು ಧಾರಾಕಾರ. ಲ್ಯಾಬಿನವನ ಕಣ್ಣು, ಸಾಯೋವಾಗಲೂ ಪ್ರಿಂಟಲ್ಲಿ ತಪ್ಪು ಹುಡುಕತ್ತೆ.

"ಲೇ" ಅಂದ ಮೆಲ್ಲಗೆ. "ಜೇಬು ನೋಡೋ."

"ಏನು ಜೇಬು?"

"ಅವನ ಅಂಗಿ ಜೇಬು ಬಲಗಡೆ ಇದೆ. ಯಾವ ದರ್ಜಿ ಗಂಡಸರ ಅಂಗಿಗೆ ಬಲಗಡೆ ಜೇಬು ಹೊಲೀತಾನೆ?"

ಶಾರ್ಪಣ್ಣ ಪ್ರಿಂಟು ನೋಡಿದ. ತನ್ನ ಎದೆ ನೋಡ್ಕೊಂಡ. ಹರಿದು ಜೋತಾಡ್ತಿದ್ದ ಜೇಬು ಎಡಗಡೆ ಇತ್ತು. ತಮ್ಮನ ಜೇಬು ನೋಡಿದ. ಎಡಗಡೆ.

ಮಾವ ಹಲ್ಲು ಕಚ್ಚಿ, ಒಂದೊಂದೇ ಮಾತು ಹೊರಗೆ ತಳ್ಳಿದ. "ಫಿಲಂನ... ಯಾವ ಮೈ ಲೆನ್ಸಿಗೆ ಕೊಟ್ಟಿದ್ದೆ?"

"ಮಂಕು ಮೈ."

"ಯಾಕೆ?"

"ಶಾರ್ಪಾಗಿ ಬರತ್ತೆ."

"ಬರತ್ತೆ. ನಾನೇ ಹೇಳಿಕೊಟ್ಟಿದ್ದು. ಆಮೇಲೆ ಏನು ಮಾಡ್ಬೇಕು ಅಂತಲೂ ಹೇಳಿಕೊಟ್ಟಿದ್ದೆ. ಹಾಗೆ ತೆಗೆದ್ರೆ ಚಿತ್ರ ಕನ್ನಡಿಯೊಳಗಿನ ಹಾಗೆ ಬರತ್ತೆ. ಎಡ ಬಲ, ಬಲ ಎಡ. ಕಂಪ್ಯೂಟರಿಗೆ ಹಾಕಿ ತಿರುಗಿಸ್ಬೇಕು. ತಿರುಗಿಸಿದ್ಯಾ?"

ಶಾರ್ಪಣ್ಣ ತಮ್ಮನ ಕಡೆ ತಿರುಗಿದ. "ತಿರುಗಿಸಿದ್ಯಾ?"

"ನೀನು ತಿರುಗಿಸಿ ಕೊಟ್ಟಿದ್ದೀಯ ಅಂದ್ಕೊಂಡೆ."

"'ಉಳಿದಿದ್ದು ನೀನು ಮಾಡು' ಅಂತ ಬರೆದಿದ್ದೆನಲ್ಲೋ!"

"ಉಳಿದಿದ್ದು ಅಂದ್ರೆ ಪ್ರಿಂಟು ಅಂದ್ಕೊಂಡೆ. ನಿನ್ನ ಕೇಳೋಣ ಅಂದ್ರೆ, ನೀನು ಮಾತು ಬಿಟ್ಟಿದ್ದೆ."

"ಚೀಟಿ ಬರೀಬಾರದಿತ್ತಾ?"

"ಚೀಟಿ ಖಾಲಿಯಾಗಿತ್ತು ಅಣ್ಣಾ."

ಲ್ಯಾಬಿನ ಮೂಲೆಯಲ್ಲಿ ಗಿರಾಕಿಗಳು ಫೋಟೋಕ್ಕೆ ಮುಂಚೆ ತಲೆ ಬಾಚ್ಕೊಳ್ಳೋ ಕನ್ನಡಿ ಇತ್ತು. ಶಾರ್ಪಣ್ಣ ಪ್ರಿಂಟನ್ನ ಗೋಡೆಯಿಂದ ಕಿತ್ತು ಕನ್ನಡಿಗೆ ಹಿಡಿದ. ಜೇಬು ಮರ್ಯಾದೆಯಾಗಿ ಎಡಗಡೆಗೆ ಬಂತು. ಕಂಬ ಎತ್ತಿದ ಕೈ ಬಲಗೈ ಆಯ್ತು. ಲೋಕದ ಎಲ್ಲರ ಬಲಗೈ ಹಾಗೆ, ದಪ್ಪ ನರದ, ಯಾರದ್ದೂ ಆಗಬಹುದಾದ ಬಲಗೈ. ಕನ್ನಡಿಯೊಳಗೆ ಅದರ ಪಕ್ಕದಲ್ಲೇ ರಕ್ತ ಮೆತ್ತಿದ ಬೋಳು ತಲೆಯ ಒಬ್ಬ ನಿಂತಿದ್ದ. ಅವನ ಎಡಗೈಲಿ ಉಕ್ಕಿನ ಟ್ರೈಪಾಡು ಇತ್ತು. ಶಾರ್ಪಣ್ಣ ಗಾಬರಿಯಾಗಿ ತನ್ನ ಕೈ ನೋಡ್ಕೊಂಡ. ಬಲಗೈಲಿತ್ತು. ಕೈ ಸಡಿಲಿ ಟ್ರೈಪಾಡು ನೆಲಕ್ಕೆ ಬಿತ್ತು.

"ಮಾವ..." ಅಂದ. "ನಿಮ್ಮ... ನೀವು..."

"ಈಗ ಬಹುವಚನ ಬಂತಾ?" ಮಾವ ನಗೋಕೆ ಹೋಗಿ ನರಳಿದ. "ಆವತ್ತು ಮೈದಾನದಲ್ಲಿ ಆರು ಸಾವಿರ ಜನ ಇದ್ರು ಕಣೋ. ಎಡಚ ಆಗಿದ್ದಿದ್ರೆ ಪಟ್ಟಿ ಗಿಡ್ಡ ಇರ್ತಿತ್ತು, ನಿಜ. ಈಗ ಬಲಗೈ ಇರೋರನ್ನೆಲ್ಲ ಬರ್ಕೋ, ಒಬ್ಬೊಬ್ಬರದ್ದೇ ಮುರೀತಾ ಹೋಗು. ಆ ಪಟ್ಟಿಯಿಂದ ಒಂದೇ ಒಂದು ಹೆಸರು ಹೊಡೆದು ಹಾಕಬಹುದು."

ಅಮ್ಮ ಬಾಗಿಲಿಗೆ ಬಂದು ನಿಂತ್ರು. ಒಡಹುಟ್ಟಿದವನ ಮುರಿದ ಕೈ ನೋಡಿದ್ರು, ದೊಡ್ಡ ಮಗನ ಬಾಯಿ ನೋಡಿದ್ರು. ಆಮೇಲೆ ಯಾರನ್ನೂ ಏನೂ ಕೇಳದೆ ಬಲಗೈ ಎತ್ತಿದ್ರು.